ಫೋಟೊ ಕಡಿಮೆ ಇರಲಿ, ಹೆಸರು ಪೂರ್ತಿ ಇರಲಿ

ಷಷ್ಟ್ಯಬ್ದಿ ಇರಲಿ, ಮದುವೆಯ 50ನೇ ವರ್ಷ ಇರಲಿ, ಮೇಷ್ಟ್ರೊಬ್ಬರ ನಿವೃತ್ತಿ ಇರಲಿ, ಈಗ ಎಲೆ ಹಾಕುವ ಮುಂಚೆ ಒಂದು ಪರದೆ ಇಳಿಯುತ್ತದೆ. ಹಾಡು ಶುರುವಾಗುತ್ತದೆ, ಒಂದರ ಹಿಂದೊಂದು ಫೋಟೊ ಬರುತ್ತದೆ. ಮೊದಲ ಐದು ನಿಮಿಷ ಎಲ್ಲರೂ ಕಣ್ಣು ನೆಟ್ಟು ನೋಡುತ್ತಾರೆ. ಹತ್ತನೇ ನಿಮಿಷಕ್ಕೆ ಹಿಂದಿನ ಸಾಲಿನಲ್ಲಿ ಮಾತು ಹತ್ತಿಕೊಳ್ಳುತ್ತದೆ. ಇಪ್ಪತ್ತನೇ ನಿಮಿಷದಲ್ಲಿ ಪರದೆ ನೋಡುತ್ತಿರುವವರು ಆ ಫೋಟೊಗಳಲ್ಲಿ ಇರುವವರು ಮಾತ್ರ. ತಪ್ಪು ನೋಡುವವರದು ಎನ್ನಲಾರೆ. ಫೋಟೊ ವಿಪರೀತ, ಅದರಲ್ಲಿರುವವರು ಯಾರು ಎಂದು ಹೇಳುವವರು ಯಾರೂ ಇಲ್ಲ. ಅಷ್ಟು ಹೊತ್ತು ಗುರುತಿಲ್ಲದ ಮುಖಗಳನ್ನು ಯಾರು ತಾನೇ ನೋಡಿಯಾರು?

ಮನೆಯ ಸಮಾರಂಭಗಳಿಗೆ ಇಂಥ ಸ್ಲೈಡ್‌ಶೋ ಮಾಡಿ ಡಿವಿಡಿಗೆ ಹಾಕಿಕೊಡುವ ಕೆಲಸ ನನ್ನ ಪಾಲಿಗೆ ಬಂದು ಬಹಳ ಕಾಲವಾಯಿತು. ನಾವೂ ಒಂದು ಮಾಡಬೇಕು ಎನ್ನುವವರೆಲ್ಲ ಮೊದಲು ಕೇಳುವುದು ‘ಯಾವ ಸಾಫ್ಟ್‌ವೇರ್?’ ಎಂದೇ. ಅದಕ್ಕೂ ಉತ್ತರ ಕೊಡುತ್ತೇನೆ, ಆದರೆ ಕೊನೆಗೆ. ಆರಿಸುವುದು, ಹೆಸರು ಕೇಳುವುದು, ದನಿ ಹಿಡಿಯುವುದು, ಇವು ಮೂರು ಆದ ಮೇಲೆ ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ.

ಇಷ್ಟೆಲ್ಲ ಬಂದಿರುವಾಗ ಈಗಲೂ ಡಿವಿಡಿಯೇ ಎಂದು ಕೇಳುವವರಿದ್ದಾರೆ. 1996ರ ಕೊನೆಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಡಿವಿಡಿಗೆ ವಯಸ್ಸಾಗಿರುವುದು ನಿಜ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡ್ರೈವ್ ಇರುವುದೇ ಅಪರೂಪ. ಆದರೂ ಊರಿನ ಎಷ್ಟೋ ಮನೆಗಳಲ್ಲಿ ಟೀವಿಯ ಕೆಳಗೆ, ಕಸೂತಿ ಬಟ್ಟೆ ಹೊದ್ದುಕೊಂಡು ಒಂದು ಪ್ಲೇಯರ್ ಇನ್ನೂ ಕೂತಿದೆ. ಅದಕ್ಕೆ ಪಾಸ್‌ವರ್ಡ್ ಬೇಡ, ಇಂಟರ್‌ನೆಟ್ ಬೇಡ. ಎಂಬತ್ತು ದಾಟಿದವರೂ ತಟ್ಟೆ ಇಟ್ಟು ಒಂದು ಗುಂಡಿ ಒತ್ತಿದರೆ ಸಾಕು. ನನಗೆ ಡಿವಿಡಿ ಇಷ್ಟವಾಗಲು ಇನ್ನೊಂದು ಕಾರಣವಿದೆ. ಫೋನಿನಲ್ಲಿರುವ ಫೋಟೊಗಳಿಗೆ ಕೊನೆಯೆಂಬುದಿಲ್ಲ, ದಿನವೂ ಸೇರುತ್ತಲೇ ಇರುತ್ತವೆ. ಡಿಸ್ಕ್ ಬರೆಯಬೇಕೆಂದರೆ ಒಂದು ದಿನ ಕೂತು, ಇದು ಬೇಕು ಇದು ಬೇಡ ಎಂದು ತೀರ್ಮಾನಿಸಲೇಬೇಕು.

ಮೊದಲಿಗೆ ಆಲ್ಬಂಗಳನ್ನು ಕೆಳಗಿಳಿಸುವುದು. ಕಪ್ಪು ಕಾಗದದ ಹಳೆಯ ಆಲ್ಬಂಗಳಲ್ಲಿ ಫೋಟೊಗಳನ್ನು ನಾಲ್ಕು ಮೂಲೆಗೆ ಸಿಕ್ಕಿಸಿರುತ್ತಾರೆ, ಅವನ್ನು ತೆಗೆಯುವುದು ಸುಲಭ. ಕಷ್ಟ ಕೊಡುವುದು ಆಮೇಲೆ ಬಂದ ಅಂಟುಪುಟದ ಆಲ್ಬಂಗಳು. ಅಂಟು ಹಳದಿಯಾಗಿ ಫೋಟೊದ ಬೆನ್ನಿಗೆ ಕಚ್ಚಿಕೊಂಡಿರುತ್ತದೆ. ಕೀಳಲು ಹೋದರೆ ಫೋಟೊ ಹರಿಯುತ್ತದೆ, ಅದಕ್ಕಿಂತ ಪುಟಕ್ಕೆ ಪುಟವನ್ನೇ ಸ್ಕ್ಯಾನರಿನ ಮೇಲೆ ಮಲಗಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಇನ್ನೊಂದು ತೊಂದರೆ. ಮಳೆಗಾಲದ ಥಂಡಿಗೆ ಗೋಡೆಯ ಮೇಲಿನ ಫೋಟೊ ತನ್ನ ಕಟ್ಟಿನ ಗಾಜಿಗೇ ಅಂಟಿಬಿಟ್ಟಿರುತ್ತದೆ. ದಯವಿಟ್ಟು ಅದನ್ನು ಬಿಡಿಸಲು ಹೋಗಬೇಡಿ, ಮುಖವೆಲ್ಲ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಮೇಲಿನಿಂದಲೇ ಫೋನಿನಲ್ಲಿ ತೆಗೆಯಿರಿ. ಫ್ಲ್ಯಾಶ್ ಬೇಡ, ಕೋಣೆಯ ದೀಪ ಆರಿಸಿ, ಕಟ್ಟನ್ನು ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ನಿಲ್ಲಿಸಿ. ಫೋನಿನ ಹಿಂದೆ ಒಬ್ಬರು ಕಪ್ಪು ಬಟ್ಟೆ ಹಿಡಿದು ನಿಂತರೆ ಗಾಜಿನಲ್ಲಿ ನಿಮ್ಮ ನೆರಳೂ ಕಾಣುವುದಿಲ್ಲ.

ಸ್ಕ್ಯಾನ್ ಮಾಡುವಾಗ ಒಂದು ಲೆಕ್ಕ ತಿಳಿದಿರಲಿ. ನಮ್ಮ ದೇಶದ ಡಿವಿಡಿಗಳು ಅನುಸರಿಸುವುದು ಪಾಲ್ ಎಂಬ ಹಳೆಯ ಟೀವಿ ಪದ್ಧತಿಯನ್ನು. ಅದರ ಡಿವಿಡಿ ಚಿತ್ರದ ಅಳತೆ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕೆ. ಗುಣಿಸಿದರೆ ಸುಮಾರು 4 ಲಕ್ಷ ಚುಕ್ಕೆ. ಇವತ್ತಿನ ಸಾಮಾನ್ಯ ಫೋನ್ ಕ್ಯಾಮೆರಾದ ಒಂದು ಫೋಟೊದಲ್ಲಿ 1 ಕೋಟಿ 20 ಲಕ್ಷ ಚುಕ್ಕೆಗಳಿರುತ್ತವೆ. ಅಂದರೆ ಡಿವಿಡಿಯಲ್ಲಿ ಕಾಣುವುದು ಮೂಲ ಫೋಟೊದ ಮೂವತ್ತರಲ್ಲಿ ಒಂದು ಪಾಲು ವಿವರ ಮಾತ್ರ. 4×6 ಇಂಚಿನ ಫೋಟೊವನ್ನು 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕೆಯಂತೆ, ಸ್ಕ್ಯಾನ್ ಮಾಡಿದರೂ ಟೀವಿಗೆ ಬೇಕಾದ್ದಕ್ಕಿಂತ ಹೆಚ್ಚೇ ಆಯಿತು. ಆದರೂ 600ರಲ್ಲೇ ಮಾಡಿ. ಗುಂಪಿನ ಫೋಟೊದಲ್ಲಿ ಒಬ್ಬರ ಮುಖಕ್ಕೆ ಹತ್ತಿರ ಹೋಗಬೇಕಾದಾಗ ಅದು ಬೇಕಾಗುತ್ತದೆ. ಆಲ್ಬಂ ಮತ್ತೆ ಅಟ್ಟ ಸೇರಿದರೆ ಇನ್ನೊಮ್ಮೆ ಯಾರೂ ಇಳಿಸುವುದಿಲ್ಲ ಎಂಬುದೂ ನೆನಪಿರಲಿ. ಬಂಧುಗಳಿಂದ ಫೋಟೊ ತರಿಸಿಕೊಳ್ಳುವಾಗ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸುವುದು ಬೇಡ, ಡಾಕ್ಯುಮೆಂಟ್ ಎಂದು ಕಳಿಸಿ ಎನ್ನಿ. ಇಲ್ಲದಿದ್ದರೆ ದಾರಿಯಲ್ಲೇ ಅದು ಕುಗ್ಗಿಹೋಗುತ್ತದೆ.

ಇನ್ನು ಆಯ್ಕೆ. ಇದೇ ಕಷ್ಟದ ಕೆಲಸ. ಒಂದು ಫೋಟೊ ಪರದೆಯ ಮೇಲೆ 6 ಸೆಕೆಂಡ್ ಇದ್ದರೆ ನಾಲ್ಕೂವರೆ ನಿಮಿಷದ ಒಂದು ಹಾಡಿಗೆ 45 ಫೋಟೊ ಹಿಡಿಯುತ್ತದೆ. ಮೂರು ಹಾಡಿಗೆ 135. ಹದಿನೈದು ನಿಮಿಷದೊಳಗೆ ಮುಗಿಸುವುದು ಒಳ್ಳೆಯದು, ಆದ್ದರಿಂದ ಒಂದು ಬದುಕಿಗೆ ಆ 135 ಫೋಟೊ ಧಾರಾಳವಾಯಿತು. ಗುಂಪಿನ ಫೋಟೊಕ್ಕೆ 6 ಸೆಕೆಂಡ್ ಸಾಲದು, ಒಂದೊಂದು ಮುಖ ಹುಡುಕಲು 10–12 ಬೇಕು. ಒಬ್ಬರೇ ಇರುವ ಚಿತ್ರಕ್ಕೆ 5 ಸಾಕು. ಎಲ್ಲಕ್ಕೂ ಒಂದೇ ಅವಧಿ ಇಟ್ಟ ಸ್ಲೈಡ್‌ಶೋ ನೋಡಿದರೆ ಯಂತ್ರ ಮಾಡಿದ್ದು ಎಂದು ತಕ್ಷಣ ಗೊತ್ತಾಗುತ್ತದೆ. ಮದುವೆಯ ಆಲ್ಬಮ್ಮೊಂದರಲ್ಲೇ ಧಾರೆಯ ಫೋಟೊ ಹನ್ನೆರಡು ಇರಬಹುದು, ಒಂದನ್ನು ಇಟ್ಟುಕೊಳ್ಳಿ. ಬಂದವರೆಲ್ಲ ದಂಪತಿಯ ಪಕ್ಕ ಸಾಲಾಗಿ ನಿಂತು ತೆಗೆಸಿಕೊಂಡವನ್ನು ಒಟ್ಟಾಗಿ ಬಿಡಿ.

ಆರಿಸುತ್ತ ಹೋದಂತೆ ಪ್ರತಿ ಮನೆಯ ಆಲ್ಬಮ್ಮಿನಲ್ಲೂ ಕಾಣುವ ಒಂದು ಸಂಗತಿಯಿದೆ. ಗಂಡಸರ ಫೋಟೊ ಬೇಕಾದಷ್ಟು: ಕಾಲೇಜಿನದು, ಕೆಲಸಕ್ಕೆ ಸೇರಿದಾಗಿನದು, ಮೊದಲ ಸ್ಕೂಟರಿನ ಪಕ್ಕ ನಿಂತದ್ದು. ಹಿರಿಮಗನಂತೂ ತೊಟ್ಟಿಲಿನಿಂದಲೇ ಶುರು. ಮನೆಯ ಹೆಂಗಸರದು ಎಂದರೆ ಮದುವೆಯದು ಒಂದು, ಮಗುವನ್ನು ಎತ್ತಿಕೊಂಡದ್ದು ಒಂದು, ಆಮೇಲೆ ಇಪ್ಪತ್ತು ವರ್ಷ ಸುಳಿವೇ ಇಲ್ಲ. ಹಬ್ಬದ ಫೋಟೊ ತೆಗೆಯುವ ಹೊತ್ತಿನಲ್ಲಿ ಅವರು ಒಲೆಯ ಮುಂದೆ ಇದ್ದರು. ಮದುವೆಯಾಗದೆ ಅಣ್ಣನ ಮನೆಯಲ್ಲೇ ಉಳಿದ ಅತ್ತೆ, ಕೊನೆಯ ಮಗಳು, ಮನೆಯವರಂತೆಯೇ ಬದುಕಿದ ಆಳುಮಕ್ಕಳು, ಇವರೆಲ್ಲ ಸಿಗುವುದು ಯಾವುದೋ ಫೋಟೊದ ಅಂಚಿನಲ್ಲಿ, ಅರ್ಧ ಬಾಗಿಲ ಹಿಂದೆ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ಎಂದದ್ದು ಇದಕ್ಕೂ ಹೌದು. ಆ ಅಂಚನ್ನು ಕತ್ತರಿಸಿ ದೊಡ್ಡದು ಮಾಡಿ ಅವರಿಗೂ ಒಂದು ಚೌಕಟ್ಟು ಕೊಡಬಹುದು. ಸ್ವಲ್ಪ ಮಸುಕಾಗಿ ಕಂಡರೂ ಪರವಾಗಿಲ್ಲ. ಸ್ಪಷ್ಟತೆ ಇಲ್ಲವೆಂದು ಅವರನ್ನು ಬಿಟ್ಟರೆ ಇನ್ನೊಮ್ಮೆ ಬಿಟ್ಟಂತಾಗುತ್ತದೆ.

ಹಾಗೆಯೇ ಕೆಲವು ಫೋಟೊಗಳನ್ನು ಹಾಕುವ ಮುಂಚೆ ಕೇಳಬೇಕು. ಬೇರೆಯಾದ ದಂಪತಿ, ಚಿಕ್ಕ ವಯಸ್ಸಿನಲ್ಲೇ ಹೋದ ಮಗು, ಮಾತು ಬಿಟ್ಟ ಅಣ್ಣತಮ್ಮಂದಿರು. ಸಭೆಯ ನಡುವೆ ಪರದೆಯ ಮೇಲೆ ಅವರು ದಿಢೀರನೆ ಬಂದರೆ ಯಾರ ಎದೆಗೆ ಏನಾಗುತ್ತದೋ. ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಸಂಬಂಧಪಟ್ಟವರಿಗೆ ಮೊದಲೇ ತೋರಿಸಿ, ಒಪ್ಪಿದರೆ ಹಾಕಿ. ತೀರಿಕೊಂಡ ಮಗುವಿನ ಫೋಟೊ ಬೇಕೇ ಬೇಕು ಎಂದ ತಾಯಂದಿರನ್ನು ನಾನು ಕಂಡಿದ್ದೇನೆ.

ಆಯ್ಕೆ ಮುಗಿದ ಮೇಲೆ ಹೆಸರು. ದೊಡ್ಡಪ್ಪ–ದೊಡ್ಡಮ್ಮನ ಮದುವೆಗೆ 50 ವರ್ಷ ತುಂಬಿದ ಸಂದರ್ಭಕ್ಕೆ ಆಲ್ಬಂ ಹಿಡಿದು ಅವರಿಬ್ಬರ ಮುಂದೆ ಕೂತಿದ್ದೆ. ಮನೆಯ ಅಂಗಳದಲ್ಲಿ ಬೆಂಚು ಹಾಕಿ ತೆಗೆದ ಗುಂಪಿನ ಫೋಟೊ ಒಂದಿತ್ತು. ಹಿರಿಯರು ಬೆಂಚಿನ ಮೇಲೆ, ಹೆಂಗಸರು ಹಿಂದೆ, ಮಕ್ಕಳು ನೆಲದ ಮೇಲೆ ಚಕ್ಕಂಬಟ್ಟಲು ಹಾಕಿಕೊಂಡು. ಬಲತುದಿಯಲ್ಲಿ ಕೋಟು ತೊಟ್ಟ ಒಬ್ಬ ಹುಡುಗ, ಕೋಟಿನ ತೋಳು ಬೆರಳ ತುದಿಯವರೆಗೆ ಇಳಿದಿದೆ. ‘ಇವ್ನು ನಮ್ಮ ಸಣ್ಣ ಮಾವ. ಫೋಟೊದವ್ರು ಬರ್ತಾರೆ ಅಂತ ಪಕ್ಕದ್ಮನೆ ಶಾನುಭೋಗರ ಕೋಟು ಈಸ್ಕೊಂಡು ಬಂದಿದ್ದ’ ಅಂದರು ದೊಡ್ಡಮ್ಮ. ‘ಅವ್ನಲ್ಲ ಕಣೇ, ಅದು ಅವ್ನ ಅಣ್ಣ’ ಅಂದರು ದೊಡ್ಡಪ್ಪ. ‘ನಿಮಗೇನ್ ಗೊತ್ತು, ನೀವಿನ್ನೂ ನಮ್ಮನೆಗೆ ಬಂದೇ ಇರ್ಲಿಲ್ಲ ಆಗ!’ ಫೋನಿನ ರೆಕಾರ್ಡರ್ ಚಾಲೂ ಇತ್ತು. ಆ ಫೋಟೊಕ್ಕೆ ಹಾಡು ಹಾಕಲೇ ಇಲ್ಲ. ಕೋಟಿನ ಹುಡುಗನ ಮುಖದ ಮೇಲೆ ಚಿತ್ರ ನಿಧಾನ ಸರಿಯುತ್ತಿರುವಾಗ ಕೆಳಗೆ ಈ ಜಗಳವನ್ನೇ ಇಟ್ಟೆ. ಸಮಾರಂಭದ ದಿನ ಎಲ್ಲರೂ ಹೆಚ್ಚು ನಕ್ಕದ್ದು ಅದಕ್ಕೇ, ಮತ್ತೊಮ್ಮೆ ಹಾಕು ಎಂದು ಕೇಳಿದ್ದೂ ಅದನ್ನೇ. ದೊಡ್ಡಪ್ಪ ಈಗಿಲ್ಲ, ಅವರ ದನಿ ಆ ಡಿಸ್ಕಿನಲ್ಲಿದೆ.

ಫೋಟೊ ತೋರಿಸಿ ಮಾತನಾಡಿಸುವಾಗ ‘ಆ ಕಾಲದ ಬಗ್ಗೆ ಏನಾದರೂ ಹೇಳಿ’ ಎಂದರೆ ಹಿರಿಯರು ಭಾಷಣಕ್ಕೆ ಇಳಿಯುತ್ತಾರೆ. ‘ಈ ಸೀರೆ ಎಲ್ಲಿ ತಂದದ್ದು?’, ‘ಹಿಂದೆ ಕಾಣುವ ಆ ಬಾಗಿಲು ಯಾವ ಮನೆಯದು?’, ‘ಇವರು ಯಾಕೆ ಮುಖ ಗಂಟಿಕ್ಕಿದ್ದಾರೆ?’ ಎಂದು ಕೇಳಿದರೆ ಕತೆ ತಾನಾಗಿ ಹೊರಡುತ್ತದೆ. ಫ್ಯಾನ್ ನಿಲ್ಲಿಸಿ, ಕುಕ್ಕರ್ ಇಡುವ ಹೊತ್ತು ತಪ್ಪಿಸಿ, ಫೋನನ್ನು ಅವರ ಬಾಯಿಂದ ಒಂದು ಗೇಣು ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಇಡಿ. ನಡುವೆ ಬಾಯಿ ಹಾಕಬೇಡಿ.

ನಿಂತ ಫೋಟೊದಿಂದ ಕತೆ ಹೇಳಿಸುವ ಈ ವಿದ್ಯೆಯನ್ನು ಜಗತ್ತಿಗೆ ಚೆನ್ನಾಗಿ ಪರಿಚಯಿಸಿದವರು ಅಮೆರಿಕದ ಸಾಕ್ಷ್ಯಚಿತ್ರಕಾರ ಕೆನ್ ಬರ್ನ್ಸ್. ಅಲ್ಲಿನ ಅಂತರ್ಯುದ್ಧದ ಮೇಲೆ 1990ರಲ್ಲಿ ಅವರು ಮಾಡಿದ ‘ದಿ ಸಿವಿಲ್ ವಾರ್’ ಸರಣಿ ಸುಮಾರು 11 ಗಂಟೆಯದು. 1860ರ ದಶಕದ ಆ ಯುದ್ಧಕ್ಕೆ ಸಿನಿಮಾ ತುಣುಕುಗಳು ಇರಲು ಸಾಧ್ಯವೇ ಇಲ್ಲ, ಇದ್ದದ್ದು ಫೋಟೊ ಮತ್ತು ಪತ್ರ. ಕ್ಯಾಮೆರಾವನ್ನು ಫೋಟೊದ ಮೇಲೆ ನಿಧಾನವಾಗಿ ಸರಿಸುತ್ತ, ಒಂದು ಕೈಯಿಂದ ಮುಖಕ್ಕೆ, ಮುಖದಿಂದ ಇಡೀ ಗುಂಪಿಗೆ ಹೋಗುತ್ತ ಅವರು ನೋಡುಗರನ್ನು ಹಿಡಿದಿಟ್ಟರು. ತಮಗಿಂತ ಮುಂಚೆ, 1957ರಲ್ಲೇ, ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡಿನ ‘ಸಿಟಿ ಆಫ್ ಗೋಲ್ಡ್’ ಎಂಬ ಕಿರುಚಿತ್ರ ಈ ದಾರಿ ತೋರಿಸಿತ್ತು ಎಂದು ಬರ್ನ್ಸ್ ಅವರೇ ಹೇಳುತ್ತಾರೆ. ಚಿನ್ನದ ಆಸೆಗೆ ಡಾಸನ್ ಸಿಟಿಗೆ ನುಗ್ಗಿದ ಜನರ ಹಳೆಯ ಫೋಟೊಗಳಿಂದ ಕಟ್ಟಿದ ಚಿತ್ರ ಅದು. 2003ರಲ್ಲಿ ಆ್ಯಪಲ್ ಕಂಪನಿ ತನ್ನ ಐಮೂವಿಯಲ್ಲಿ ಫೋಟೊ ಸರಿಸುವ ಸೌಲಭ್ಯ ಕೊಟ್ಟಾಗ ಅದಕ್ಕೆ ಬರ್ನ್ಸ್ ಹೆಸರನ್ನೇ ಇಟ್ಟಿತು. ಈಗ ಎಲ್ಲ ಸಾಫ್ಟ್‌ವೇರ್‌ಗಳಲ್ಲೂ ಅದಿದೆ, ಅದೇ ತೊಂದರೆಯೂ ಆಗಿದೆ. ಗುಂಡಿ ಒತ್ತಿದರೆ ಯಂತ್ರ ಪ್ರತಿ ಫೋಟೊವನ್ನೂ ತನಗೆ ತೋಚಿದ ಕಡೆಗೆ ಎಳೆಯುತ್ತದೆ, ಅಜ್ಜಿಯ ಮುಖ ಬಿಟ್ಟು ಹಿಂದಿನ ಗೋಡೆಯ ಕ್ಯಾಲೆಂಡರಿಗೆ ಹೋಗಿ ನಿಲ್ಲುತ್ತದೆ. ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂಬುದನ್ನು ನೀವೇ ಹೇಳಿ. ಹತ್ತರಲ್ಲಿ ಮೂರು ಫೋಟೊ ಸರಿದರೆ ಸಾಕು, ಉಳಿದವು ಅಲುಗಾಡದೆ ನಿಲ್ಲಲಿ.

ಒಂದು ಫೋಟೊದಿಂದ ಇನ್ನೊಂದಕ್ಕೆ ಹೋಗುವ ಪರಿಯ ಬಗ್ಗೆ ನನ್ನದು ಗಟ್ಟಿ ಅಭಿಪ್ರಾಯ. ಮದುವೆ ಕ್ಯಾಸೆಟ್ಟುಗಳ ಕಾಲದ ಮಿಕ್ಸಿಂಗ್ ನೆನಪಿರುವವರಿಗೆ ಗೊತ್ತು: ಮದುಮಗಳು ಹೃದಯದೊಳಗಿಂದ ಬರುತ್ತಾಳೆ, ಮದುಮಗ ಗುಲಾಬಿಯೊಳಗೆ ತಿರುಗುತ್ತಾನೆ, ಮಾವನವರು ಪುಟ ಮಗುಚಿದಂತೆ ಮಡಚಿಹೋಗುತ್ತಾರೆ. ಅದರಲ್ಲಿ ಒಂದೂ ಬೇಡ. ಒಂದು ಫೋಟೊ ಕರಗುತ್ತ ಇನ್ನೊಂದು ಮೂಡಲು ಒಂದು ಸೆಕೆಂಡ್, ಅಷ್ಟೇ ಸಾಕು. ಕಾಲ ಬದಲಾದಾಗ, ಉದಾಹರಣೆಗೆ ಬಾಲ್ಯ ಮುಗಿದು ಮದುವೆ ಶುರುವಾಗುವಾಗ, ಪರದೆ ಎರಡು ಸೆಕೆಂಡ್ ಪೂರ್ತಿ ಕಪ್ಪಾಗಲಿ.

ಸಂಗೀತಕ್ಕೆ ಬರೋಣ. ಬರ್ನ್ಸ್ ಸರಣಿಯಿಂದ ಕಲಿಯಬೇಕಾದದ್ದು ಇಲ್ಲೂ ಇದೆ. 11 ಗಂಟೆಯ ಆ ಸರಣಿಯುದ್ದಕ್ಕೂ ‘ಅಶೋಕನ್ ಫೇರ್‌ವೆಲ್’ ಎಂಬ ಒಂದೇ ಪಿಟೀಲಿನ ರಾಗ ಮತ್ತೆ ಮತ್ತೆ ಬರುತ್ತದೆ. ಯುದ್ಧಕಾಲದ ಹಳೆಯ ಧಾಟಿಯೆಂದು ಬಹಳ ಜನ ನಂಬಿದ್ದರು, ನಿಜದಲ್ಲಿ ಜೇ ಅಂಗರ್ ಎಂಬ ಪಿಟೀಲುವಾದಕರು ಅದನ್ನು ಕಟ್ಟಿದ್ದು 1982ರಲ್ಲಿ. ಸಲಿವನ್ ಬಲೂ ಎಂಬ ಮೇಜರ್ 1861ರಲ್ಲಿ ಸಾಯುವ ಕೆಲವೇ ದಿನ ಮೊದಲು ಹೆಂಡತಿಗೆ ಬರೆದ ಪತ್ರವನ್ನು ಓದುವಾಗ ಹಿನ್ನೆಲೆಯಲ್ಲಿ ಇರುವುದೂ ಅದೇ. ಒಂದು ಧಾಟಿ, ಒಂದು ಪತ್ರ, ಕೆಲವು ಫೋಟೊ. ನಮ್ಮ ಮನೆಗಳಲ್ಲೂ ಇನ್‌ಲ್ಯಾಂಡ್ ಲೆಟರುಗಳಿವೆ. ಕ್ಷೇಮಸಮಾಚಾರದಿಂದ ಶುರುವಾಗಿ, ಮಳೆ, ಬೆಳೆ, ಹಸು ಕರು ಹಾಕಿದ್ದು ಎಲ್ಲ ಹೇಳಿ, ಅಂಚಿನಲ್ಲಿ ಜಾಗ ಸಾಲದೆ ಅಡ್ಡಡ್ಡ ಬರೆದು ಮುಗಿಸಿದ ಪತ್ರಗಳು. ಮೊಮ್ಮಗಳೊಬ್ಬಳಿಂದ ಅಂಥ ಒಂದನ್ನು ಓದಿಸಿ ನೋಡಿ.

ಹಾಡಿನ ಸಾಹಿತ್ಯ ಮತ್ತು ಪರದೆಯ ಮೇಲಿನ ಹೆಸರು, ಎರಡನ್ನೂ ಒಟ್ಟಿಗೆ ಮನಸ್ಸಿಗೆ ತೆಗೆದುಕೊಳ್ಳುವುದು ಕಷ್ಟ. ಅದಕ್ಕೇ ಮಾತು, ಬರಹ ಇರುವ ಕಡೆ ವಾದ್ಯ ಸಂಗೀತ ಇರಲಿ: ವೀಣೆ, ಕೊಳಲು, ಮದುವೆಯ ಭಾಗಕ್ಕೆ ನಾದಸ್ವರ. ಮೂರು ನಾಲ್ಕು ಬೇರೆ ಬೇರೆ ಸಿನಿಮಾ ಹಾಡುಗಳನ್ನು ಪೋಣಿಸಿದರೆ ಗಮನ ಹಾಡಿನ ಕಡೆಗೇ ಹೋಗುತ್ತದೆ, ನಾಯಕ ನಾಯಕಿ ಕಣ್ಣಮುಂದೆ ಬರುತ್ತಾರೆ. ಮಾತು ಬಂದಾಗ ಸಂಗೀತ ತಗ್ಗಬೇಕು. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ‘ಆಟೊ ಡಕ್’ ಎಂಬ ಆಯ್ಕೆ ಇದನ್ನು ತಾನಾಗಿ ಮಾಡುತ್ತದೆ. ಹಾಡನ್ನು ನಡುವೆ ಕತ್ತರಿಸಬೇಡಿ. ಚರಣವೊಂದು ಮುಗಿಯುವಲ್ಲಿ ನಾಲ್ಕು ಸೆಕೆಂಡಿನಲ್ಲಿ ಮೆಲ್ಲಗೆ ಇಳಿಸಿ. ಪ್ರತಿ ಫೋಟೊವೂ ತಾಳದ ಪೆಟ್ಟಿಗೇ ಬದಲಾಗಬೇಕಿಲ್ಲ, ಮುಖ್ಯವಾದ ಒಂದೆರಡು ಮಾತ್ರ ಹಾಗೆ ಬಂದರೆ ಚೆನ್ನ.

ಎಲ್ಲಕ್ಕಿಂತ ಒಳ್ಳೆಯ ಸಂಗೀತ ಮನೆಯಲ್ಲೇ ಇರಬಹುದು. ಹಸೆಗೆ ಕರೆಯುವ ಹಾಡು, ಆರತಿ ಹಾಡು, ಸೋಬಾನೆ, ಮಗು ಮಲಗಿಸುವ ಜೋಗುಳ ಬಲ್ಲ ಅತ್ತೆಯೋ ಚಿಕ್ಕಮ್ಮನೋ ಇದ್ದಾರೆಯೇ ವಿಚಾರಿಸಿ. ಶ್ರುತಿ ಸ್ವಲ್ಪ ಆಚೀಚೆಯಾದರೂ, ಉಸಿರು ಎಳೆದುಕೊಂಡ ಸದ್ದು ಬಂದರೂ ಅದು ಇರಲಿ.

ಮನೆಯ ಇಂಥ ಹಾಡಿಗೆ ಕಾನೂನಿನ ತೊಡಕೂ ಇಲ್ಲ. ಬೇರೆಯವರ ಹಾಡು ಬಳಸಿದರೂ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಖಾಸಗಿ, ವೈಯಕ್ತಿಕ ಬಳಕೆಗೆ ನ್ಯಾಯವಾದ ಮಟ್ಟಿಗೆ ವಿನಾಯಿತಿ ಕೊಡುತ್ತದೆ. ಮದುವೆ ಮತ್ತು ಅದಕ್ಕೆ ಸೇರಿದ ಸಂಭ್ರಮಗಳಲ್ಲಿ ಹಾಡು ಹಾಕುವುದಕ್ಕೂ ಅದರಲ್ಲಿ ಅವಕಾಶವಿದೆ. ಆದರೆ ಅದೇ ಸ್ಲೈಡ್‌ಶೋವನ್ನು ಯೂಟ್ಯೂಬಿಗೆ ಏರಿಸಿದರೆ, ಪ್ರತಿ ಮಾಡಿ ಮಾರಿದರೆ ಲೆಕ್ಕ ಬೇರೆ. ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮೇಲೆ 60 ವರ್ಷ, ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೆ 60 ವರ್ಷ. ದಾಂಪತ್ಯದ ಸಂದರ್ಭವೆಂದರೆ ನಮಗೆಲ್ಲ ಮೊದಲು ನೆನಪಾಗುವ ‘ಮೈಸೂರ ಮಲ್ಲಿಗೆ’ ಬಂದದ್ದು 1942ರಲ್ಲೇ. ಆದರೂ ಕೆ.ಎಸ್. ನರಸಿಂಹಸ್ವಾಮಿಯವರು ತೀರಿಕೊಂಡದ್ದು 2003ರಲ್ಲಿ, ಆದ್ದರಿಂದ ಆ ಕವಿತೆಗಳ ಹಕ್ಕು 2063ರ ಕೊನೆಯವರೆಗೂ ಇರುತ್ತದೆ. ಪುರಂದರದಾಸರ ಪದ ಯಾರು ಬೇಕಾದರೂ ಹಾಡಬಹುದು, ಆದರೆ ಇತ್ತೀಚಿನ ಗಾಯಕರೊಬ್ಬರು ಹಾಡಿದ ಆ ಮುದ್ರಣಕ್ಕೆ ಒಡೆಯರಿದ್ದಾರೆ. ಫೋಟೊಗಳ ವಿಷಯದಲ್ಲಿ ಚಿಂತೆ ಕಡಿಮೆ. ದುಡ್ಡು ಕೊಟ್ಟು ತೆಗೆಸಿದ ಫೋಟೊದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದೇ.

ಪರದೆಯ ಮೇಲೆ ಕನ್ನಡ ಬರೆಯುವಾಗ ಎಚ್ಚರ ಬೇಕು. ಹಲವು ವಿಡಿಯೊ ಸಾಫ್ಟ್‌ವೇರ್‌ಗಳು ನಮ್ಮ ಒತ್ತಕ್ಷರವನ್ನು ಮುರಿದುಹಾಕುತ್ತವೆ. ಅಂಥಲ್ಲಿ ಹೆಸರನ್ನು ಬೇರೆ ಕಡೆ ಯೂನಿಕೋಡಿನಲ್ಲಿ ಬರೆದು, ಅದನ್ನೇ ಒಂದು ಚಿತ್ರವಾಗಿ ಉಳಿಸಿಕೊಂಡು ಫೋಟೊದ ಮೇಲೆ ಕೂರಿಸಿ. ಸಣಕಲು ಅಕ್ಷರ ಬೇಡ. ಡಿವಿಡಿಯ ಚಿತ್ರದಲ್ಲಿ ಸಾಮಾನ್ಯವಾಗಿ ಗೆರೆ ಬಿಟ್ಟು ಗೆರೆ ಮೂಡುವುದರಿಂದ ತೆಳು ಅಡ್ಡಗೆರೆಗಳೆಲ್ಲ ಹಳೆಯ ಟೀವಿಯಲ್ಲಿ ಮಿಣಮಿಣ ಎನ್ನುತ್ತವೆ, ಸೀರೆಯ ಸಣ್ಣ ಅಂಚು ಕೂಡ. ಹಳೆಯ ಡಬ್ಬಿ ಟೀವಿಗಳು ನಾಲ್ಕೂ ಬದಿಯಲ್ಲಿ ಸ್ವಲ್ಪ ಚಿತ್ರ ನುಂಗುತ್ತವೆ. ಆದ್ದರಿಂದ ಅಕ್ಷರವನ್ನು ಅಂಚಿನಿಂದ ಹತ್ತನೇ ಒಂದು ಭಾಗ ಒಳಗೆ ಇಡಿ. ‘ಅಜ್ಜಿ’ ಎಂದಷ್ಟೇ ಬರೆದರೆ ಇನ್ನೊಂದು ತಲೆಮಾರಿಗೆ ಅರ್ಥವಾಗುವುದಿಲ್ಲ. ಹೆಸರು, ಊರು, ವರ್ಷ ಹಾಕಿ. ವರ್ಷ ಖಚಿತವಿಲ್ಲದಿದ್ದರೆ ‘ಸುಮಾರು 1968’ ಎನ್ನಿ. ಲಂಬವಾಗಿ ತೆಗೆದ ಫೋಟೊವನ್ನು ಪರದೆ ತುಂಬಿಸಲೆಂದು ತಲೆ, ಕಾಲು ಕತ್ತರಿಸಬೇಡಿ, ಅಡ್ಡಡ್ಡ ಹಿಗ್ಗಿಸಲೂ ಬೇಡಿ. ಎರಡು ಪಕ್ಕದಲ್ಲಿ ಕಪ್ಪು ಇದ್ದರೆ ಇರಲಿ.

ಈಗ ಆ ಸಾಫ್ಟ್‌ವೇರ್ ಪ್ರಶ್ನೆ. ಮೊದಲು ಕಂಪ್ಯೂಟರಿನ ಜೊತೆಗೇ ಬರುತ್ತಿದ್ದ ವಿಂಡೋಸ್ ಡಿವಿಡಿ ಮೇಕರ್ ವಿಂಡೋಸ್ 8ರಿಂದ ಇಲ್ಲ, ಮೂವಿ ಮೇಕರನ್ನು ಮೈಕ್ರೊಸಾಫ್ಟ್ 2017ರ ಜನವರಿಯಲ್ಲಿ ನಿಲ್ಲಿಸಿತು. ಈಗ ಫೋಟೊ, ಹಾಡು, ಮಾತು ಜೋಡಿಸಲು ಶಾಟ್‌ಕಟ್, ಓಪನ್‌ಶಾಟ್, ಕೆಡೆನ್‌ಲೈವ್ ಯಾವುದಾದರೂ ಆಗುತ್ತದೆ. ಜೋಡಿಸಿದ್ದನ್ನು ಡಿವಿಡಿ ರೂಪಕ್ಕೆ ತಂದು, ಮೆನು ಮಾಡಿ, ಡಿಸ್ಕ್ ಬರೆಯಲು ಡಿವಿಡಿಸ್ಟೈಲರ್. ಎಲ್ಲವೂ ಉಚಿತ. ಲ್ಯಾಪ್‌ಟಾಪಿಗೆ ಹೊರಗಿನಿಂದ ಸಿಕ್ಕಿಸುವ ಡಿವಿಡಿ ರೈಟರ್ ಕಂಪ್ಯೂಟರ್ ಅಂಗಡಿಗಳಲ್ಲಿ ಸಿಗುತ್ತದೆ. ಫೋಟೊ ಕಡತಗಳಿಗೆ 001, 002 ಎಂದು ಹೆಸರಿಟ್ಟುಕೊಂಡರೆ ಸರದಿ ಕೆಡುವುದಿಲ್ಲ. ಸಾಫ್ಟ್‌ವೇರ್ ಕೇಳಿದಾಗ ಪಾಲ್ ಆರಿಸಿ. ಅಮೆರಿಕದಲ್ಲಿರುವ ಮಗನಿಗೆ ಕಳಿಸುವುದಿದ್ದರೆ ಎನ್‌ಟಿಎಸ್‌ಸಿ ಎಂಬ ಪದ್ಧತಿಯಲ್ಲಿ ಬೇರೆಯೇ ಪ್ರತಿ ಬೇಕು, ಅಲ್ಲಿನ ಬಹಳಷ್ಟು ಪ್ಲೇಯರ್‌ಗಳಲ್ಲಿ ನಮ್ಮ ಪಾಲ್ ಡಿಸ್ಕ್ ಓಡುವುದಿಲ್ಲ.

ಸಾಮಾನ್ಯ ಡಿಸ್ಕಿನಲ್ಲಿ 4.7 ಜಿಬಿ ಜಾಗವಿದೆ. 15 ನಿಮಿಷದ ಸ್ಲೈಡ್‌ಶೋ ಒಳ್ಳೆಯ ಗುಣಮಟ್ಟದಲ್ಲೇ ಇದ್ದರೂ 1 ಜಿಬಿ ದಾಟುವುದಿಲ್ಲ. ಉಳಿದ ಜಾಗವನ್ನು ಖಾಲಿ ಬಿಡಬೇಡಿ. ಮೂಲ ಸ್ಕ್ಯಾನುಗಳು, ಹಿರಿಯರ ಮಾತಿನ ಪೂರ್ತಿ ಮುದ್ರಣ, ಯಾವ ಫೋಟೊದಲ್ಲಿ ಯಾರು ಎಂಬ ಪಟ್ಟಿ, ಇವನ್ನು ಪ್ರತ್ಯೇಕ ಫೋಲ್ಡರಿನಲ್ಲಿ ಅದೇ ಡಿಸ್ಕಿಗೆ ಹಾಕಿ. ಟೀವಿ ಪ್ಲೇಯರ್ ಅದರ ತಂಟೆಗೆ ಹೋಗುವುದಿಲ್ಲ, ಕಂಪ್ಯೂಟರಿನಲ್ಲಿ ತೆರೆದವರಿಗೆ ಎಲ್ಲವೂ ಸಿಗುತ್ತದೆ. ಅಳಿಸಿ ಬರೆಯುವ ಆರ್‌ಡಬ್ಲ್ಯೂ ಡಿಸ್ಕ್ ಇದಕ್ಕೆ ಬೇಡ. ಡಿವಿಡಿ-ಆರ್ ತಂದು, ಆತುರಪಡದೆ ಕಡಿಮೆ ವೇಗದಲ್ಲಿ ಬರೆಯಿರಿ. ಡಿಸ್ಕಿನಲ್ಲಿ ಬರಹ ಹಿಡಿದಿಡುವುದು ಒಂದು ತೆಳುವಾದ ಬಣ್ಣದ ಪದರ, ಬಿಸಿಲು ಮತ್ತು ಥಂಡಿ ಎರಡೂ ಅದಕ್ಕೆ ಶತ್ರು. ಮೇಲೆ ಕಾಗದದ ಲೇಬಲ್ ಅಂಟಿಸಬೇಡಿ, ಡಿಸ್ಕಿಗೆಂದೇ ಇರುವ ಮಾರ್ಕರಿನಲ್ಲಿ ಬರೆದು ನೆಟ್ಟಗೆ ನಿಲ್ಲಿಸಿಡಿ. ಮೂರು ಪ್ರತಿ ಮಾಡಿ ಮೂರು ಮನೆಯಲ್ಲಿಡಿ. ಅದನ್ನೇ ಎಂಪಿ4 ಮಾಡಿ ಪೆನ್‌ಡ್ರೈವಿಗೂ ಹಾಕಿ. ಡಿಸ್ಕ್ ಶಾಶ್ವತ ಎಂದು ಯಾರು ಹೇಳಿದರೂ ನಂಬಬೇಡಿ. ಕೆಲವು ವರ್ಷಕ್ಕೊಮ್ಮೆ ಹಾಕಿ ನೋಡಿ, ಓದುವಾಗ ತಡವರಿಸಿದರೆ ಕೂಡಲೇ ಹೊಸ ಪ್ರತಿ ಮಾಡಿಕೊಳ್ಳಿ.

ಡಿವಿಡಿ ಮಾಡುವುದು ಮುಂದಿನ ವರ್ಷಕ್ಕೆ ಹೋದರೂ ಅಡ್ಡಿಯಿಲ್ಲ. ಆದರೆ ಈ ಹಬ್ಬಕ್ಕೆ ಊರಿಗೆ ಹೋದಾಗ ಆಲ್ಬಂ ಇಳಿಸಿ, ಮನೆಯ ಹಿರಿಯರ ಪಕ್ಕ ಕೂತು, ಫೋನಿನ ರೆಕಾರ್ಡರ್ ಒತ್ತಿ, ಒಂದೊಂದೇ ಮುಖ ತೋರಿಸಿ ಇವರು ಯಾರು ಎಂದು ಕೇಳಿ. ಹೇಳಿದ ಹೆಸರನ್ನು ಫೋಟೊದ ಹಿಂದೆ ಮೆದುವಾದ ಪೆನ್ಸಿಲ್ಲಿನಲ್ಲಿ ಅಂದೇ ಬರೆಯಿರಿ. ಬಾಲ್ ಪೆನ್ನು ಬೇಡ, ಒತ್ತಿ ಬರೆದರೆ ಗುರುತು ಮುಂದಕ್ಕೆ ಮೂಡುತ್ತದೆ.